ಮಂಜಿನಲ್ಲಿ ನಿಂತ ಲಾರಿ, ತಾನಾಗಿ ಬೀಳುವ ಬ್ರೇಕು

ಶಿಡ್ಲಘಟ್ಟದ ನಮ್ಮ ನೆಂಟರ ಮನೆಗೆ ಹೋದ ಚಳಿಗಾಲದಲ್ಲಿ ಮೊದಲ ಕಾರು ಬಂತು. ಆ ಮನೆಯ ಹುಡುಗನ ಅಪ್ಪ ರೇಷ್ಮೆ ನೂಲು ಬಿಚ್ಚುವ ಬಿಸಿನೀರಿನ ಮುಂದೆ ಮೂವತ್ತು ವರ್ಷ ಕೂತು ಬೆರಳು ಬೇಯಿಸಿಕೊಂಡವರು. ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಿದ್ದಾಯಿತು. ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಕ್ಕಬಳ್ಳಾಪುರದ ಕಡೆ ಹೊರಟ. ಊರು ದಾಟುತ್ತಿದ್ದಂತೆ ಕೇಳಿದ: “ಮಾವ, ಇದಕ್ಕೆ ಅಡಾಸ್ ಇದೆ. ಎದುರಿಗೆ ಏನಾದರೂ ಅಡ್ಡ ಬಂದರೆ ಅದೇ ಬ್ರೇಕ್ ಹಾಕ್ತದೆ. ಇನ್ನು ಮಂಜಲ್ಲಿ ಓಡಿಸೋಕೂ ಭಯ ಇಲ್ಲ, ಅಲ್ವಾ?”

ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಅವನು ಹೋಗುತ್ತಿದ್ದ ದಾರಿ ಯಾವುದು, ಅದು ಎಲ್ಲಿ ಹೋಗಿ ಸೇರುತ್ತದೆ ಎಂದು ನನಗೆ ಗೊತ್ತಿತ್ತು.

2023ರ ಅಕ್ಟೋಬರ್ 26, ಗುರುವಾರ. ವಿಜಯದಶಮಿ ಕಳೆದು ಎರಡು ದಿನ. ಬಾಗೇಪಲ್ಲಿ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಟಾಟಾ ಸುಮೊ ಒಂದು ಬೆಳಗಿನ ಏಳರ ಸುಮಾರಿಗೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ, 44ನೇ ರಾಷ್ಟ್ರೀಯ ಹೆದ್ದಾರಿಯ ಬದಿಗೆ ನಿಂತಿದ್ದ ಟ್ಯಾಂಕರ್‌ನ ಹಿಂಬದಿಗೆ ಗುದ್ದಿತು. 13 ಜನ ಸತ್ತರು. ಸಂಚಾರ ಪೊಲೀಸ್ ಠಾಣೆ ಅಲ್ಲೇ ಹತ್ತಿರದಲ್ಲಿತ್ತು. ಒಳಗಿದ್ದವರಲ್ಲಿ ಬಹುಪಾಲು ಗಡಿಯಾಚೆಯ ಆಂಧ್ರದ ಊರುಗಳವರು, ಹಬ್ಬ ಮುಗಿಸಿ ಕೂಲಿ ಕೆಲಸಕ್ಕೆ ಮರಳುತ್ತಿದ್ದವರು. ಮಂಜಿನಲ್ಲಿ ನಿಂತ ಟ್ಯಾಂಕರ್ ಚಾಲಕನಿಗೆ ಕಾಣಲಿಲ್ಲ ಎಂಬುದು ಅಂದು ಹೊರಬಂದ ಕಾರಣ. ನಂದಿಬೆಟ್ಟದ ಸುತ್ತ ಬೆಳೆದವರಿಗೆ ಆ ಮಂಜು ಹೊಸದಲ್ಲ. ಬೆಟ್ಟದ ಬುಡದ ಊರುಗಳಲ್ಲಿ ಮಳೆಗಾಲದ ಕೊನೆಯಿಂದ ಸಂಕ್ರಾಂತಿವರೆಗೂ ಬೆಳಗಿನ ಹೊತ್ತು ರಸ್ತೆಯ ಮೇಲೆ ಅದು ಹಾಲು ಚೆಲ್ಲಿದ ಹಾಗೆ ಮಲಗಿರುತ್ತದೆ.

ಆ ಸುಮೊದಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇದ್ದಿದ್ದರೆ ಅಷ್ಟೂ ಜನ ಬದುಕುತ್ತಿದ್ದರೇ? ಹುಡುಗನ ಪ್ರಶ್ನೆಗೆ ನ್ಯಾಯವಾಗಿ ಉತ್ತರಿಸಬೇಕಾದರೆ ಈ ಪ್ರಶ್ನೆಯಿಂದಲೇ ಶುರುಮಾಡಬೇಕು. ಒಂದೇ ಮಾತಿನಲ್ಲಿ ಹೌದು ಎಂದೋ ಇಲ್ಲ ಎಂದೋ ಹೇಳಿದರೆ ಅದು ಸುಳ್ಳಾಗುತ್ತದೆ.

ಈ ಬ್ರೇಕಿನ ಒಳಗೆ ಮೂರು ಕೆಲಸಗಳಿವೆ. ಎದುರಿಗೆ ಏನಿದೆ ಎಂದು ನೋಡುವುದು ಮೊದಲನೆಯದು. ಅದಕ್ಕೆ ಗಾಜಿನ ಹಿಂದೆ, ಒಳಗನ್ನಡಿಯ ಬಳಿ ಒಂದು ಕ್ಯಾಮೆರಾ ಇರುತ್ತದೆ. ಹಲವು ಗಾಡಿಗಳಲ್ಲಿ ಬಂಪರ್ ಅಥವಾ ಗ್ರಿಲ್‌ನ ಹಿಂದೆ ರೇಡಾರ್ ಕೂಡ ಇರುತ್ತದೆ. ಕಂಡದ್ದು ನಿಜವಾಗಿ ಅಪಾಯವೇ, ಇನ್ನೆಷ್ಟು ಹೊತ್ತಿನಲ್ಲಿ ಗುದ್ದುತ್ತದೆ ಎಂದು ತೀರ್ಮಾನಿಸುವುದು ಎರಡನೆಯದು. ಚಾಲಕ ಕಾಲಿಡದೆಯೇ ಬ್ರೇಕ್ ಒತ್ತುವುದು ಮೂರನೆಯದು. ಮೂರನೆಯ ಕೆಲಸದ ಬಗ್ಗೆ ಹೆಚ್ಚು ಚಿಂತೆ ಬೇಡ. ಚಕ್ರ ಬಿಗಿದುಕೊಳ್ಳದಂತೆ ಕಾಯುವ ಎಬಿಎಸ್ ಮತ್ತು ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ಬಳಸುವ ಪಂಪೇ ಇಲ್ಲಿಯೂ ದುಡಿಯುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ. ಅದು ಪಳಗಿದ ಯಂತ್ರ. ತಪ್ಪು ನಡೆಯುವುದು ಹೆಚ್ಚಾಗಿ ಮೊದಲ ಎರಡು ಕೆಲಸದಲ್ಲಿ, ಅಂದರೆ ಕಾಣುವುದರಲ್ಲಿ ಮತ್ತು ನಂಬುವುದರಲ್ಲಿ.

ತೀರ್ಮಾನ ಒಮ್ಮೆಗೇ ಆಗುವುದಿಲ್ಲ ಎಂಬುದೂ ತಿಳಿದಿರಲಿ. ಮೊದಲು ಬೀಪ್ ಸದ್ದು, ಕೆಂಪು ದೀಪ. ಚಾಲಕ ಸುಮ್ಮನಿದ್ದರೆ ಒಂದು ಸಣ್ಣ ಜಗ್ಗು. ಆಗಲೂ ಸುಮ್ಮನಿದ್ದರೆ ಕೊನೆಯ ಕ್ಷಣದಲ್ಲಿ ಪೂರ್ತಿ ಬ್ರೇಕ್. ಯಂತ್ರ ಬೇಕೆಂದೇ ತಡ ಮಾಡುತ್ತದೆ. ಚಾಲಕ ಪಕ್ಕಕ್ಕೆ ತಿರುಗಿಸಿಕೊಂಡು ಹೋಗುವ ಅವಕಾಶವಿರುವಷ್ಟು ಹೊತ್ತು ಅದು ಅವನ ಕೈಯಿಂದ ಗಾಡಿಯನ್ನು ಕಿತ್ತುಕೊಳ್ಳಬಾರದು ಎಂಬ ಲೆಕ್ಕಾಚಾರ ಅದರೊಳಗಿದೆ.

ಇದು ಹುಟ್ಟಿದ್ದು ಹೆದ್ದಾರಿಯ ಮಂಜಿಗಾಗಿ ಅಲ್ಲ. 2003ರಲ್ಲಿ ಹೋಂಡಾ ಕಂಪನಿ ಜಪಾನಿನಲ್ಲಿ ಇಂಥದ್ದೊಂದನ್ನು ಕಾರಿಗೆ ಹಾಕಿತು. 2008ರಲ್ಲಿ ವೋಲ್ವೊ ತನ್ನ ಎಕ್ಸ್‌ಸಿ60 ಕಾರಿಗೆ ಕೊಟ್ಟ ವ್ಯವಸ್ಥೆ ಗಂಟೆಗೆ 30 ಕಿ.ಮೀ. ಒಳಗಿನ ವೇಗಕ್ಕಷ್ಟೇ ಸೀಮಿತವಾಗಿತ್ತು. ಪೇಟೆಯ ಟ್ರಾಫಿಕ್ಕಿನಲ್ಲಿ ಮುಂದಿನ ಕಾರಿನ ಬಂಪರ್‌ಗೆ ತಾಗುವುದನ್ನು ತಪ್ಪಿಸುವುದು ಅದರ ಗುರಿ. ಆಮೇಲೆ ಕಣ್ಣು ಚುರುಕಾಯಿತು, ವೇಗದ ಮಿತಿ ಏರಿತು. ಐರೋಪ್ಯ ಒಕ್ಕೂಟ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2020ರ ಎಂಜಿ ಗ್ಲೋಸ್ಟರ್, 2021ರ ಮಹೀಂದ್ರ ಎಕ್ಸ್‌ಯುವಿ700 ಮುಂತಾದ ದೊಡ್ಡ ಗಾಡಿಗಳಿಂದ ಶುರುವಾಗಿ 2024ರ ಕೊನೆಗೆ ಹೋಂಡಾ ಅಮೇಜ್‌ನಂಥ ಸಣ್ಣ ಕಾರಿನವರೆಗೂ ಇಳಿದುಬಂತು.

ಕೆಲಸ ಮಾಡುತ್ತದೆಯೇ ಎಂದರೆ, ಮಾಡುತ್ತದೆ. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಅಮೆರಿಕದಲ್ಲಿ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ವರ್ಷಗಳ ಅಪಘಾತ ದಾಖಲೆಗಳನ್ನು ಜಾಲಾಡಿ ನೋಡಿದಾಗ, ಈ ಬ್ರೇಕ್ ಇರುವ ಗಾಡಿಗಳು ಮುಂದಿನ ವಾಹನಕ್ಕೆ ಗುದ್ದುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಸೀಟ್ ಬೆಲ್ಟ್ ಬಂದ ಮೇಲೆ ಕಾರಿಗೆ ಬಂದ ಸಲಕರಣೆಗಳಲ್ಲಿ ಇಷ್ಟು ಉಪಕಾರ ಮಾಡಿದವು ಬೆರಳೆಣಿಕೆಯಷ್ಟೇ ಇರಬಹುದು ಎಂದು ನನ್ನ ಅನಿಸಿಕೆ.

ಆದರೆ ಆ ಅರ್ಧ ಯಾವ ಅರ್ಧ? ಅದೇ ಸಂಸ್ಥೆ ಮುಂದೆ ಇನ್ನೂ ಬಿಡಿಸಿ ನೋಡಿತು. ಮುಂದಿರುವುದು ಕಾರಾಗಿದ್ದರೆ ಇಂಥ ಡಿಕ್ಕಿ ಶೇ 53ರಷ್ಟು ಕಡಿಮೆಯಾಗುತ್ತದೆ. ಮುಂದಿರುವುದು ಮೋಟಾರ್ ಸೈಕಲ್ ಆದರೆ ಶೇ 41. ಲಾರಿಯಾದರೆ ಶೇ 38 ಮಾತ್ರ. ನಮ್ಮ 44ನೇ ಹೆದ್ದಾರಿಯಲ್ಲಿ ಅರ್ಧ ಗಂಟೆ ನಿಂತು ನೋಡಿ, ಮುಂದೆ ಹೋಗುವುದು ಏನೇನು ಎಂದು. ಸಿಮೆಂಟಿನ ಬಲ್ಕರ್, ಕಬ್ಬಿಣದ ಸರಳು ಬಾಲದಂತೆ ಹೊರಗೆ ಚಾಚಿಕೊಂಡ ಟ್ರೈಲರ್, ಚಿಂತಾಮಣಿಯ ಟೊಮೆಟೊ ಕ್ರೇಟ್ ತುಂಬಿದ ಕ್ಯಾಂಟರ್, ಸೇವಂತಿಗೆ ಮೂಟೆ ಹೇರಿದ ಏಸ್ ಗಾಡಿ, ಗೂಡಿನ ಚೀಲ ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್, ಹಿಂದೆ ಒಂದೂ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಕ್ಯಾಮೆರಾಗೆ ವಾಹನ ಅಂದರೆ ಏನು ಎಂದು ಕಲಿಸುವುದು ಸಾವಿರಾರು ಚಿತ್ರ ತೋರಿಸಿ. ಕಾರಿನ ಹಿಂಬದಿ ಅದಕ್ಕೆ ಚೆನ್ನಾಗಿ ಪರಿಚಯ. ಹುಲ್ಲಿನ ಹೊರೆ ಹೊತ್ತು ಗುಡಿಸಲಿನಂತೆ ಕಾಣುವ ಟ್ರೇಲರ್ ಅಷ್ಟು ಪರಿಚಯವಿರುವುದು ಕಷ್ಟ.

ಮುಂದಿರುವುದು ಏನು ಎಂಬುದು ಮೊದಲ ತೊಡಕಾದರೆ, ಎರಡನೆಯದು ವೇಗ. ಕಾರುಗಳ ಈ ಬ್ರೇಕಿಗೆ ವಿಶ್ವಸಂಸ್ಥೆಯ 152ನೇ ನಿಯಮ ಎಂಬ ಅಂತರರಾಷ್ಟ್ರೀಯ ಅಳತೆಗೋಲಿದೆ. ನಿಂತ ವಾಹನದ ಕಡೆಗೆ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಕಾರು ಗುದ್ದದೆ ನಿಲ್ಲಬೇಕು ಎನ್ನುತ್ತದೆ ಅದು. 60ರಲ್ಲಿ ಬಂದರೆ? 35 ಕಿ.ಮೀ. ವೇಗದಲ್ಲಿ ಗುದ್ದಿದರೂ ಆ ಕಾರು ಪಾಸು. ನಿಯಮ ಕೇಳುವುದು ಕನಿಷ್ಠವನ್ನು, ಒಳ್ಳೆಯ ಕಾರುಗಳು ಅದಕ್ಕಿಂತ ಮುಂದಿವೆ, ನಿಜ. ಆದರೂ ಅಮೆರಿಕದ ಚಾಲಕರ ಒಕ್ಕೂಟ ಎಎಎ 2022ರಲ್ಲಿ ನಾಲ್ಕು ಕಾರುಗಳನ್ನು ಪರೀಕ್ಷೆಗಿಟ್ಟಾಗ, ಗಂಟೆಗೆ 48 ಕಿ.ಮೀ. ವೇಗದಲ್ಲಿ 20 ಸಲಕ್ಕೆ 17 ಸಲ ಡಿಕ್ಕಿ ತಪ್ಪಿತು. 64 ಕಿ.ಮೀ.ಗೆ ಏರಿಸಿದಾಗ ತಪ್ಪಿದ್ದು 6 ಸಲ. ಅದೂ ಹಗಲಲ್ಲಿ, ಒಣ ರಸ್ತೆಯಲ್ಲಿ, ಮಂಜಿಲ್ಲದಾಗ. ಅಡ್ಡರಸ್ತೆಯಿಂದ ನುಗ್ಗುವ ಕಾರನ್ನು ಎದುರಿಟ್ಟಾಗ ಒಂದು ಸಲವೂ ತಪ್ಪಲಿಲ್ಲ. ನಮ್ಮ ಹೆದ್ದಾರಿಯ ಪ್ರತಿ ಹಳ್ಳಿಯ ಕ್ರಾಸಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡ ಬೈಕು ನುಗ್ಗುವುದು ಹೀಗೆಯೇ.

ಇದರ ಹಿಂದಿರುವುದು ಸರಳ ಗಣಿತ. ಗಂಟೆಗೆ 80 ಕಿ.ಮೀ. ಅಂದರೆ ಒಂದು ಸೆಕೆಂಡಿಗೆ 22 ಮೀಟರ್. ಒಳ್ಳೆಯ ಟೈರು, ಒಣ ರಸ್ತೆ, ಪೂರ್ತಿ ಬ್ರೇಕ್ ಇದ್ದರೂ ನಿಲ್ಲಲು ಸುಮಾರು 35 ಮೀಟರ್ ಬೇಕು. ಯಂತ್ರ ನೋಡಿ, ನಂಬಿ, ಬ್ರೇಕಿಗೆ ಒತ್ತಡ ತುಂಬುವಷ್ಟರಲ್ಲಿ ಅರ್ಧ ಸೆಕೆಂಡ್ ಹೋದರೆ ಇನ್ನೊಂದು 11 ಮೀಟರ್. ಇಬ್ಬನಿಗೆ ರಸ್ತೆ ಒದ್ದೆಯಾಗಿದ್ದರೆ, ಟೈರು ಸವೆದಿದ್ದರೆ, ಎಂಟು ಜನರ ಗಾಡಿಯಲ್ಲಿ ಹದಿಮೂರು ಜನ ಕೂತಿದ್ದರೆ ಇವೆಲ್ಲ ಇನ್ನೂ ಬೆಳೆಯುತ್ತವೆ. ಟೈರಿಗೆ ಇಲ್ಲದ ಹಿಡಿತವನ್ನು ಯಾವ ಕಂಪ್ಯೂಟರೂ ತಂದುಕೊಡಲಾರದು.

ಹಾಗಂತ ತಡವಾಗಿ ಬಿದ್ದ ಬ್ರೇಕು ವ್ಯರ್ಥವಲ್ಲ. 80ರಲ್ಲಿ ಹೋಗುವ ಗಾಡಿಗೆ ಇನ್ನು 20 ಮೀಟರ್ ಇರುವಾಗ ಪೂರ್ತಿ ಬ್ರೇಕ್ ಬಿದ್ದರೂ ಅದು ಗುದ್ದುತ್ತದೆ, ಆದರೆ 50ರ ಆಸುಪಾಸಿನ ವೇಗದಲ್ಲಿ. ಪೆಟ್ಟಿನ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಸಾಯಬೇಕಾದವರಲ್ಲಿ ಕೆಲವರು ಕಾಲು ಮುರಿದುಕೊಂಡು ಬದುಕುವುದು ಈ ಅಂತರದಲ್ಲಿ. ಆ ಸುಮೊದ ವಿಷಯದಲ್ಲಿ ನನ್ನ ಉತ್ತರವೂ ಇಷ್ಟೇ: ಎಲ್ಲರೂ ಉಳಿಯುತ್ತಿದ್ದರು ಎನ್ನಲಾರೆ, ಯಾರೂ ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ.

ಇನ್ನು ಮಂಜಿನ ಮಾತು. ಇಲ್ಲಿ ಒಂದು ವಿಚಿತ್ರವಿದೆ, ನಿಧಾನವಾಗಿ ನೋಡಬೇಕು. ಮಂಜು ಅಂದರೆ ಕೂದಲೆಳೆಗಿಂತ ಸಣ್ಣ ನೀರಹನಿಗಳ ರಾಶಿ. ಬೆಳಕು ಅವುಗಳಿಗೆ ಬಡಿದು ಚೆದುರಿಹೋಗುತ್ತದೆ. ಹಾಗಾಗಿ ನಮ್ಮ ಕಣ್ಣಿನಂತೆಯೇ ಕ್ಯಾಮೆರಾದ ಕಣ್ಣಿಗೂ ಬಿಳಿ ಗೋಡೆಯಷ್ಟೇ ಕಾಣುವುದು. ಆದರೆ ಕಾರಿನ ರೇಡಾರ್ ಕಳಿಸುವ ಅಲೆಯ ಉದ್ದ ಸುಮಾರು 4 ಮಿಲಿಮೀಟರ್, ಮಂಜಿನ ಹನಿಗಿಂತ ನೂರಾರು ಪಟ್ಟು ದೊಡ್ಡದು. ಅದು ಹನಿಗಳನ್ನು ಲೆಕ್ಕಿಸದೆ ದಾಟಿ, ಆಚೆಯ ಟ್ಯಾಂಕರ್‌ನ ತಗಡಿಗೆ ಬಡಿದು ವಾಪಸ್ ಬರುತ್ತದೆ. ಅಂದಮೇಲೆ ರೇಡಾರ್‌ಗೆ ಮಂಜಿನಲ್ಲೂ ಟ್ಯಾಂಕರ್ ಕಂಡಿರುತ್ತದೆ. ಕಂಡರೂ ಬ್ರೇಕ್ ಬೀಳದೆ ಹೋಗಬಹುದು.

ಯಾಕೆ? ಕಾರು 80ರಲ್ಲಿ ಹೋಗುವಾಗ ರಸ್ತೆಯಲ್ಲಿ ನಿಂತಿರುವ ಎಲ್ಲವೂ ಅದರ ಮೇಲೆ 80ರಲ್ಲೇ ಬರುತ್ತಿರುವಂತೆ ರೇಡಾರ್‌ಗೆ ತೋರುತ್ತದೆ. ಊರಿನ ಹೆಸರಿನ ಬೋರ್ಡು, ತಿರುವಿನ ಕಬ್ಬಿಣದ ಬೇಲಿ, ಮೇಲೆ ಹಾದುಹೋಗುವ ಸೇತುವೆ, ಚರಂಡಿಯ ಮುಚ್ಚಳ, ಯಾರೋ ಎಸೆದ ಎಣ್ಣೆ ಡಬ್ಬ, ಎಲ್ಲವೂ. ದೂರ ಮತ್ತು ವೇಗವನ್ನು ಕರಾರುವಾಕ್ಕಾಗಿ ಹೇಳುವ ಸಾಮಾನ್ಯ ರೇಡಾರ್‌ಗೆ ಎತ್ತರದ ಅಂದಾಜು ಅಷ್ಟಾಗಿ ಸಿಗುವುದಿಲ್ಲ. ಎದುರಿಗಿರುವುದು ಸೇತುವೆಯೋ, ಸೇತುವೆಯ ಕೆಳಗೆ ನಿಂತ ಲಾರಿಯೋ ಎಂದು ಬಿಡಿಸಿ ಹೇಳಲು ಅದು ತಡವರಿಸುತ್ತದೆ. ಆದ್ದರಿಂದ ಹಳೆಯ ವ್ಯವಸ್ಥೆಗಳಲ್ಲಿ, ಮೊದಲಿನಿಂದಲೂ ಅಲುಗಾಡದೆ ನಿಂತಿರುವ ವಸ್ತುವನ್ನು ಕಡೆಗಣಿಸು ಎಂದೇ ರೇಡಾರ್‌ಗೆ ಹೇಳಿಟ್ಟಿರುತ್ತಿದ್ದರು. ಈಗಿನವು ಅಷ್ಟು ಒರಟಲ್ಲ. ರೇಡಾರ್ ಹೇಳಿದ್ದನ್ನು ಕ್ಯಾಮೆರಾ ಹೌದೆಂದರೆ ಬ್ರೇಕ್ ಬೀಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಯನ್ನೇ ಎಂಜಿನಿಯರುಗಳು ಯಂತ್ರಕ್ಕೆ ಕಲಿಸಿದ ಹಾಗೆ.

ಮಂಜಿನ ಬೆಳಗಿನಲ್ಲಿ ಸಂಕಟ ಬರುವುದು ಇಲ್ಲೇ. ಒಬ್ಬ ಸಾಕ್ಷಿ ಕಂಡಿದ್ದಾನೆ, ಇನ್ನೊಬ್ಬನ ಕಣ್ಣು ಕಟ್ಟಿದೆ. ಒಂದೇ ಸಾಕ್ಷಿಯ ಮೇಲೆ ಪೂರ್ತಿ ಬ್ರೇಕ್ ಹಾಕುವುದೇ, ಬರೀ ಬೀಪ್ ಕೊಟ್ಟು ಸುಮ್ಮನಿರುವುದೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕ್ಯಾಮೆರಾ ಮಾತ್ರ ಇರುವ ಗಾಡಿಗಳಲ್ಲಿ, ಹೋಂಡಾ ಸಿಟಿಯದ್ದು ಆ ಬಗೆ, ಆ ಒಬ್ಬ ಸಾಕ್ಷಿಯೂ ಇಲ್ಲ. ದಟ್ಟ ಮಂಜು, ಜೋರು ಮಳೆ, ಎದುರು ಬಿಸಿಲಿನಲ್ಲಿ ಇದು ಕೆಲಸ ಮಾಡದಿರಬಹುದು ಎಂದು ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತದೆ. ಷೋರೂಮಿನಲ್ಲಿ ಬೀಗದ ಕೈಯ ಜೊತೆ ಕೇಕ್ ಕತ್ತರಿಸಿ ಫೋಟೊ ತೆಗೆಯುವಾಗ ಯಾರೂ ಆ ಪುಟ ತೆಗೆದು ತೋರಿಸುವುದಿಲ್ಲ. ತೋರಿಸಬೇಕು.

ಹಾಗಾದರೆ ಅನುಮಾನ ಬಂದಾಗಲೆಲ್ಲ ಬ್ರೇಕ್ ಹಾಕಿಬಿಟ್ಟರೆ ಏನು ನಷ್ಟ ಎಂದು ಕೇಳಬಹುದು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಪಾಠಶಾಲೆ ಇದೆ. 1965ರಿಂದ ಗೌರಿಬಿದನೂರಿನಲ್ಲಿ ಅಣುಶಕ್ತಿ ಇಲಾಖೆಯ ಭೂಕಂಪ ಮಾಪಕಗಳ ಸಾಲು ನೆಲಕ್ಕೆ ಕಿವಿಗೊಟ್ಟು ಕೂತಿದೆ. ಸಾವಿರಾರು ಕಿಲೋಮೀಟರ್ ದೂರದ ದೇಶವೊಂದು ನೆಲದಡಿ ಅಣುಬಾಂಬ್ ಸಿಡಿಸಿದರೆ ಆ ನಡುಕವನ್ನು ಹಿಡಿಯಬೇಕು. ಅದು ಭೂಕಂಪವಲ್ಲ, ಹತ್ತಿರದಲ್ಲಿ ಹೋದ ಲಾರಿಯ ಅದುರಲ್ಲ, ಕಲ್ಲುಗಣಿಯ ಸಿಡಿತವಲ್ಲ ಎಂದು ಬೇರ್ಪಡಿಸಲೂ ಬೇಕು. ಕಿವಿಯನ್ನು ತೀರಾ ಚುರುಕು ಮಾಡಿದರೆ ದಿನಕ್ಕೆ ಹತ್ತು ಸುಳ್ಳು ಎಚ್ಚರಿಕೆ, ಮಂದ ಮಾಡಿದರೆ ನಿಜವಾದದ್ದೇ ತಪ್ಪಿಹೋಗುತ್ತದೆ. ಒಂದೇ ಮಾಪಕವನ್ನು ನಂಬದೆ, ದೂರ ದೂರಕ್ಕೆ ಸಾಲಾಗಿ ಇಟ್ಟದ್ದು ಒಂದು ಹೇಳಿದ್ದನ್ನು ಇನ್ನೊಂದರ ಜೊತೆ ತಾಳೆ ನೋಡಲೆಂದೇ. ಕಾರಿನ ಬ್ರೇಕಿನ ಒಳಗಿರುವುದೂ ಇದೇ ಪ್ರಶ್ನೆ. ಗೌರಿಬಿದನೂರಿನವರಿಗೆ ತಾಳೆ ನೋಡಲು ಸಮಯವಿದೆ, ಕಾರಿಗಿರುವುದು ಒಂದು ಸೆಕೆಂಡು.

ಸುಳ್ಳು ಬ್ರೇಕಿನ ನಷ್ಟ ಸಣ್ಣದಲ್ಲ. ಅಮೆರಿಕದಲ್ಲಿ 2019ರಲ್ಲಿ ನಿಸ್ಸಾನ್ ರೋಗ್ ಎಂಬ ಕಾರಿನ ಮೇಲೆ ಸರ್ಕಾರಿ ತನಿಖೆ ಶುರುವಾಯಿತು. ರೈಲ್ವೆ ಹಳಿ, ಸೇತುವೆ, ತಗ್ಗಿನಲ್ಲಿ ತೂಗುವ ಸಿಗ್ನಲ್ ಕಂಡಾಗ ಕಾರು ತಾನಾಗಿ ನಿಲ್ಲುತ್ತದೆ ಎಂಬ ದೂರಿತ್ತು. 2022ರಲ್ಲಿ ಟೆಸ್ಲಾ ಕಾರುಗಳು ಬರಿದಾದ ಹೆದ್ದಾರಿಯಲ್ಲಿ ಕಾರಣವಿಲ್ಲದೆ ಬ್ರೇಕ್ ಹಾಕುತ್ತವೆ ಎಂದು 354 ಜನ ದೂರು ಕೊಟ್ಟ ಮೇಲೆ ಅಲ್ಲೂ ತನಿಖೆಯಾಯಿತು. ಅದೇ ವರ್ಷ ಹೋಂಡಾದ ಎರಡು ಮಾದರಿಗಳ ಮೇಲೂ. ಹುಡುಗನ ಕಾರಿನಲ್ಲೇ ನನಗೆ ಇದರ ಅನುಭವವಾಯಿತು. ಊರಿನೊಳಗೆ ಒಂದು ಮೊಪೆಡ್ ನಮ್ಮ ಮುಂದಿನಿಂದ ಎಡಕ್ಕೆ ತಿರುಗಿ ಇನ್ನೇನು ಹೋಗಿಯೇ ಬಿಟ್ಟಿತ್ತು. ನಾವಾಗಿದ್ದರೆ ಕಾಲು ಸ್ವಲ್ಪ ಸಡಿಲಿಸಿ ಮುಂದೆ ಹೋಗುತ್ತಿದ್ದೆವು. ಕಾರು ಮೂಗು ನೆಲಕ್ಕೆ ಕೊಟ್ಟು ನಿಂತಿತು. ಹಿಂದಿದ್ದ ಲಾರಿಯವನು ಹಾರನ್ ಒತ್ತಿ, ಬ್ರೇಕ್ ಕಿರುಚಿಸಿ, ಒಂದು ಮಾರು ದೂರದಲ್ಲಿ ನಿಂತ. ಅವನ ಲಾರಿಯಲ್ಲಿ ಕಂಪ್ಯೂಟರ್ ಇರಲಿಲ್ಲ, ಅವನ ಕಾಲು ಮಾತ್ರ ಇತ್ತು. ಆ ಕಾಲಿಗೆ ನಾವು ಋಣಿಗಳು. ಇಂಥದ್ದು ಎರಡು ಸಲ ಆದ ಮೇಲೆ ಮನೆಯ ಗುಂಡಿ ಒತ್ತಿ ದೀಪ ಆರಿಸಿದಂತೆ ಈ ವ್ಯವಸ್ಥೆಯನ್ನು ಆಫ್ ಮಾಡಿ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಆರಿಸಿದ ಬ್ರೇಕು ಬೇಕಾದ ದಿನ ಇರುವುದಿಲ್ಲ.

ನಾವೇ ಕೈಯಾರೆ ಅದರ ಕಣ್ಣು ಕಟ್ಟುವುದೂ ಉಂಟು. ಆಯುಧಪೂಜೆಯ ದಿನ ಗಾಜಿನ ತುಂಬ ವಿಭೂತಿ, ಕುಂಕುಮ. ಬಂಪರ್‌ಗೆ ಎರಡು ಬಾಳೆಕಂದು, ಗ್ರಿಲ್‌ಗೆ ಮೊಳಗಟ್ಟಲೆ ಸೇವಂತಿಗೆ ಹಾರ. ವರ್ಷವಿಡೀ ತೂಗುವ ನಿಂಬೆಕಾಯಿ, ಮೆಣಸಿನಕಾಯಿ. ಪೂಜೆ ಬೇಡ ಎನ್ನುವವನಲ್ಲ ನಾನು, ನಮ್ಮೂರಿನ ಸೇವಂತಿಗೆ ಮಾರಾಟವಾಗಲಿ. ಆದರೆ ರೇಡಾರ್ ಇರುವುದು ಬಹಳಷ್ಟು ಗಾಡಿಗಳಲ್ಲಿ ಆ ಹಾರದ ಹಿಂದೆ, ಕ್ಯಾಮೆರಾ ಇರುವುದು ಆ ಕುಂಕುಮದ ಹಿಂದೆ. ಹಬ್ಬ ಮುಗಿಸಿ ಹೊರಡುವ ಮುನ್ನ ಆ ಎರಡು ಜಾಗ ಒರೆಸಿಕೊಳ್ಳಬೇಕು. ಮುಂದಿನ ಗಾಜು ಒಡೆದು ಹೊಸದು ಹಾಕಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಲೇಬೇಕು. ಅರ್ಧ ಡಿಗ್ರಿ ಓರೆಯಾದರೂ ನೂರು ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ತಪ್ಪಾಗುತ್ತದೆ.

ರಸ್ತೆಯಲ್ಲಿ ಹೆಚ್ಚು ಸಾಯುವವರು ಕಾರಿನೊಳಗಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 32,825 ಮಂದಿ ನಡೆದುಹೋಗುತ್ತಿದ್ದವರು. ಇವರನ್ನು ಕಾಪಾಡುವ ಬ್ರೇಕೇ ನಮಗೆ ಬೇಕಾದದ್ದು. ಇಲ್ಲಿಯ ಫಲಿತಾಂಶ ಕಳವಳ ತರುತ್ತದೆ. ಪಾದಚಾರಿಗಳನ್ನು ಗುರುತಿಸುವ ಬ್ರೇಕಿನಿಂದ ಅವರಿಗೆ ಗುದ್ದುವುದು ಒಟ್ಟಾರೆ ಶೇ 27ರಷ್ಟು ಇಳಿದಿದೆ ಎಂದು ಐಐಎಚ್‌ಎಸ್ ಲೆಕ್ಕ ಹಾಕಿತು. ಬೀದಿದೀಪವಿಲ್ಲದ ಕತ್ತಲೆ ರಸ್ತೆಯಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. 2025ರಲ್ಲಿ ಅದೇ ಸಂಸ್ಥೆ ಇನ್ನೊಂದು ಪರೀಕ್ಷೆಯ ಫಲ ಪ್ರಕಟಿಸಿತು. ರಾತ್ರಿ ರಸ್ತೆ ದಾಟುವ ಗೊಂಬೆಗೆ ಮಿನುಗುವ ಪಟ್ಟಿಯ ಉಡುಪು ತೊಡಿಸಿದಾಗ, ಮೂರು ಕಾರುಗಳಲ್ಲಿ ಎರಡು ವೇಗವನ್ನೇ ತಗ್ಗಿಸದೆ ಗುದ್ದಿದವು. ಮನುಷ್ಯರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಹಾಕಿದ ಪಟ್ಟಿ ಕ್ಯಾಮೆರಾದ ಕಣ್ಣಿಗೆ ಮನುಷ್ಯನ ಆಕಾರವನ್ನೇ ಒಡೆದುಬಿಟ್ಟಿರಬಹುದು. ನಸುಕಿನಲ್ಲಿ ನಮ್ಮ ಹೆದ್ದಾರಿಯ ಡಿವೈಡರಿನ ಗಿಡಗಳಿಗೆ ನೀರು ಹಾಯಿಸುವ ಹೆಣ್ಣುಮಕ್ಕಳು ತೊಡುವುದು ಅಂಥದೇ ಪಟ್ಟಿಯ ಜಾಕೆಟ್. ಈ ಸುದ್ದಿ ಓದಿದ ದಿನದಿಂದ ಅವರನ್ನು ಕಂಡಾಗಲೆಲ್ಲ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ಈ ಬ್ರೇಕ್ ಯಾರ ಕೈಗೆ ಸಿಗುತ್ತದೆ ಎಂಬುದು ನನ್ನ ದೊಡ್ಡ ನೋವು. ಹೆಚ್ಚಿನ ಕಂಪನಿಗಳು ಇದನ್ನು ಕೊಡುವುದು ಸನ್‌ರೂಫ್ ಇರುವ ದುಬಾರಿ ಮಾದರಿಯಲ್ಲಿ. ಜೀವ ಉಳಿಸುವ ಸಾಧನವನ್ನು ಆಕಾಶ ನೋಡುವ ಕಿಟಕಿಯ ಜೊತೆ ಸೇರಿಸಿ ಮಾರುವುದು ನನಗೆ ಒಪ್ಪಿಗೆಯಾಗದ ಮಾತು. ಡಿಕ್ಕಿ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿದೆ ಎಂದರೆ ಇದೂ ಇದೆ ಎಂದು ತಿಳಿದವರಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಅಳೆಯಹೊರಟದ್ದು ಗುದ್ದಿದ ಮೇಲೆ ಒಳಗಿದ್ದವರಿಗೆ ಎಷ್ಟು ರಕ್ಷಣೆ ಎಂಬುದನ್ನು. ಗುದ್ದುವುದನ್ನು ತಪ್ಪಿಸುವ ಬ್ರೇಕಿಗೆ ಆ ನಕ್ಷತ್ರಗಳಲ್ಲಿ ಅಂಕ ಇರಲಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಒಂದು ಕರಡು ನಿಯಮ ಹೊರಡಿಸಿ, ಬಸ್ಸು ಲಾರಿಗಳಿಗೆ ಈ ಬ್ರೇಕು, ಚಾಲಕ ತೂಕಡಿಸಿದರೆ ಎಬ್ಬಿಸುವ ಸಾಧನ, ಸಾಲು ತಪ್ಪಿದರೆ ಎಚ್ಚರಿಸುವ ಸಾಧನ ಕಡ್ಡಾಯವಾಗಬೇಕು ಎಂದಿತು. ಇದು ಸರಿಯಾದ ಕಡೆಯಿಂದ ಶುರುವಾದ ಕೆಲಸ ಎಂದು ನನ್ನ ಅಭಿಪ್ರಾಯ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಒಂದೇ ಮನೆಯ ಆರು ಜನ ಸತ್ತದ್ದು ವೋಲ್ವೊ ಕಾರಿನಲ್ಲಿ, ಅದರ ಮೇಲೆ ಕಂಟೇನರ್ ಲಾರಿ ಮಗುಚಿ ಬಿದ್ದಾಗ. ಸುರಕ್ಷತೆಗೆ ಹೆಸರಾದ ಕಂಪನಿಯ ಗಾಡಿಯೂ ಮೇಲೆ ಬೀಳುವ ಭಾರದ ಮುಂದೆ ಏನು ಮಾಡೀತು? ದೊಡ್ಡ ಗಾಡಿ ಹತೋಟಿಯಲ್ಲಿದ್ದರೆ ಸಣ್ಣ ಗಾಡಿ ಬದುಕುತ್ತದೆ. ಆದರೆ ಜನರನ್ನು ಒಯ್ಯುವ ಗಾಡಿಗಳಲ್ಲಿ ಚಾಲಕನಲ್ಲದೆ ಎಂಟಕ್ಕಿಂತ ಹೆಚ್ಚು ಸೀಟಿನವಷ್ಟೇ ಆ ಕರಡಿನಲ್ಲಿ ಬಂದಿದ್ದವು. ಗಡಿಯ ಹಳ್ಳಿಗಳಿಂದ ಬೆಂಗಳೂರಿಗೆ ಕೂಲಿಯವರನ್ನು ತುಂಬಿಕೊಂಡು ಬರುವ ಸುಮೊ, ಬೊಲೆರೊಗಳು ಕಾಗದದ ಮೇಲೆ ಕಾರುಗಳು. ಸುಮೊ ತಯಾರಿಕೆ 2019ರಲ್ಲೇ ನಿಂತಿತು, ಹಳೆಯವು ಇನ್ನೂ ವರ್ಷಗಟ್ಟಲೆ ಓಡುತ್ತವೆ. 13 ಜನ ಸತ್ತ ಗಾಡಿಯಂಥ ಗಾಡಿಗೆ ಈ ಬ್ರೇಕ್ ಕೊನೆಯಲ್ಲಿ ಬರುತ್ತದೆ ಅಥವಾ ಬರುವುದೇ ಇಲ್ಲ.

ಅದಕ್ಕೇ ನಾನು ಮತ್ತೆ ಮತ್ತೆ ನಿಂತ ಟ್ಯಾಂಕರ್‌ನ ಕಡೆಗೇ ತಿರುಗುವುದು. ಗುದ್ದುವ ಗಾಡಿಯ ಕಣ್ಣನ್ನು ಚುರುಕು ಮಾಡುವಷ್ಟೇ ಮುಖ್ಯ, ನಿಂತ ಗಾಡಿ ಕಾಣುವಂತೆ ಮಾಡುವುದು. ಇದಕ್ಕೆ ಸಾಫ್ಟ್‌ವೇರ್ ಬೇಡ. ಲಾರಿಗಳ ಹಿಂಬದಿಗೆ ರೇಡಿಯಂ ಪಟ್ಟಿ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಪಾಯವಾಗುವ ರೀತಿಯಲ್ಲಿ ವಾಹನ ನಿಲ್ಲಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಆದರೆ ನಮ್ಮ ಲಾರಿಗಳ ರೇಡಿಯಂ ಮೇಲೆ ಮೂರು ರಾಜ್ಯಗಳ ಮಣ್ಣು ಕೂತಿರುತ್ತದೆ, ಎಫ್‌ಸಿ ಮಾಡಿಸಿದ ವಾರ ಹೊಳೆದದ್ದು ಮುಂದಿನ ಎಫ್‌ಸಿವರೆಗೂ ಹೊಳೆಯುವುದಿಲ್ಲ. ಹಾಗೆಂದು ಲಾರಿ ಚಾಲಕರ ಮೇಲೆ ಮಾತ್ರ ಹರಿಹಾಯುವುದೂ ನ್ಯಾಯವಲ್ಲ. ಹೈದರಾಬಾದಿನಿಂದ ರಾತ್ರಿಯಿಡೀ ಓಡಿಸಿ ಬಂದವನಿಗೆ ಬೆಳಗಿನ ಜಾವ ಕಣ್ಣು ಎಳೆಯುತ್ತದೆ. ಬೆಂಗಳೂರಿನೊಳಗೆ ಹಗಲು ಲಾರಿಗೆ ನಿರ್ಬಂಧ. ಅವನು ಎಲ್ಲಿ ನಿಲ್ಲಿಸಬೇಕು? ರಸ್ತೆಯಿಂದ ಪೂರ್ತಿ ಆಚೆ ಸರಿದು ನಿಲ್ಲುವ ಜಾಗ, ನೀರು, ಶೌಚಾಲಯ, ಒಂದು ದೀಪ ಬೇಕಾದಷ್ಟು ಕಡೆ ಇದ್ದರೆ ಅವನೂ ಅಲ್ಲೇ ಮಲಗುತ್ತಾನೆ. ಟೋಲ್ ಕಟ್ಟಿಸಿಕೊಳ್ಳುವ ರಸ್ತೆ ಇಷ್ಟನ್ನು ಕೊಡಬೇಕು. ಇದನ್ನು ನಾನು ಬೇಡಿಕೆಯಾಗಿಯೇ ಬರೆಯುತ್ತಿದ್ದೇನೆ.

ಹುಡುಗನಿಗೆ ಅಂದು ರಾತ್ರಿ ಪುಸ್ತಕ ತೆಗೆಸಿ ಆ ಪುಟಗಳನ್ನು ಓದಿಸಿದೆ. ಅವನ ಗಾಡಿಯಲ್ಲಿ ರೇಡಾರ್ ಇದೆ, ಯಾವ ವೇಗದವರೆಗೆ ನಡೆದುಹೋಗುವವರನ್ನು ಗುರುತಿಸುತ್ತದೆ, ಬೈಕನ್ನು ಗುರುತಿಸುತ್ತದೆಯೇ, ಎಲ್ಲ ಗುರುತು ಹಾಕಿಕೊಂಡ. ಆಫ್ ಮಾಡುವುದಿಲ್ಲ ಎಂದು ಮಾತು ಕೊಟ್ಟ.

ಸಂಕ್ರಾಂತಿಗೆ ಎರಡು ದಿನ ಇರುವಾಗ ಇಬ್ಬರೂ ಬೆಳಿಗ್ಗೆ ಬಾಗೇಪಲ್ಲಿಗೆ ಹೋಗಬೇಕಾಯಿತು. ಪೇರೇಸಂದ್ರ ದಾಟುವಷ್ಟರಲ್ಲಿ ಮಂಜು ಕವಿದುಕೊಂಡಿತು. ಮುಂದಿನ ಕ್ಯಾಮೆರಾ ಸದ್ಯಕ್ಕೆ ಲಭ್ಯವಿಲ್ಲ ಎಂದು ಪರದೆಯ ಮೇಲೆ ಹಳದಿ ಅಕ್ಷರ ಬಂತು. ಅವನು ಏನೂ ಮಾತಾಡದೆ ವೇಗವನ್ನು 40ಕ್ಕೆ ಇಳಿಸಿದ, ಡಿಮ್ ಲೈಟ್ ಹಾಕಿದ, ಕಿಟಕಿ ಸ್ವಲ್ಪ ಇಳಿಸಿ ಹೊರಗಿನ ಸದ್ದಿಗೆ ಕಿವಿ ಕೊಟ್ಟ. ಸ್ವಲ್ಪ ದೂರದಲ್ಲಿ ರಸ್ತೆಯ ಅಂಚಿಗೆ ಹೊಂಗೆಸೊಪ್ಪಿನ ಕೊಂಬೆ ಬಿದ್ದಿತ್ತು, ಆಮೇಲೆ ಇನ್ನೊಂದು, ಆಮೇಲೆ ಎರಡು ಕಲ್ಲು. ಅದರಾಚೆ ಆಕ್ಸಲ್ ಮುರಿದ ಲಾರಿ. ಕ್ಲೀನರ್ ಹುಡುಗ ಚಳಿಗೆ ಟವೆಲ್ ಸುತ್ತಿಕೊಂಡು ಹಿಂದೆ ನಿಂತು ಮೊಬೈಲ್ ಟಾರ್ಚ್ ಬೀಸುತ್ತಿದ್ದ. ನಾವು ಮುಂದೆ ಹೋಗಿ ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದೆವು. ಡಿಕ್ಕಿಯಲ್ಲಿ ಕವರ್ ಸಹ ಬಿಚ್ಚದೆ ಇದ್ದ ಕೆಂಪು ತ್ರಿಕೋನವನ್ನು ತೆಗೆದು ನಮ್ಮ ಹುಡುಗ ಅವನ ಕೈಗೆ ಕೊಟ್ಟ. ಕ್ಲೀನರ್ ಅದನ್ನು ತಿರುಗಿಸಿ ನೋಡಿ, ಬಿಡಿಸುವುದು ಹೇಗೆಂದು ಕೇಳಿ ತಿಳಿದುಕೊಂಡು, ಹೆಜ್ಜೆ ಎಣಿಸುತ್ತ ಮಂಜಿನೊಳಗೆ ಹಿಂದಕ್ಕೆ ನಡೆದ.